ನೀನು ಮಾಡಿಟ್ಟ ಶ್ರುತಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂತಿರಾಯನಿಗೆ,

ಅಕ್ಕನ ಆಶೀರ್ವಾದ. ಹೇಗಿದ್ದೀಯೋ? ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಆರು ತಿಂಗಳಿಂದ ಒಂದು ಸಾಲು ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಕೆಲಸವಿತ್ತು ಅಂತ ಸುಳ್ಳು ಹೇಳೋಣವೆಂದರೆ ನೀನು ನಂಬುವ ಪೈಕಿಯಲ್ಲ. ಮುಖ ತೋರಿಸಲು ಆಗಲಿಲ್ಲ ಕಣೋ, ಅಷ್ಟೇ.

ಮೊದಲು ಸುದ್ದಿ. ಕಛೇರಿ ಕೊಡುವುದನ್ನು ನಿಲ್ಲಿಸಿದೆ. ಪಿಯಾನೊದ ಪೆಡಲಿಗೆ ಕಾಲು ಎಟುಕದೆ ಅತ್ತ ವಯಸ್ಸಿನಲ್ಲಿ ಹತ್ತಿದ ವೇದಿಕೆ, ಎಪ್ಪತ್ತು ದಾಟಿದ ಮೇಲೆ ಇಳಿದೆ. ಪತ್ರಿಕೆಯವರು ಕಾರಣ ಕೇಳಿದರು. ‘ಬೆರಳು ನೋವು’ ಅಂದೆ. ಬೆರಳು ಗುಂಡುಕಲ್ಲಿನ ಹಾಗಿವೆ, ಕೆಟ್ಟಿದ್ದು ಕಿವಿ.

ಆರು ತಿಂಗಳ ಹಿಂದಿನ ಆ ದಿನ ನೆನಪಿದೆಯಲ್ಲ? ಎರಡು ವರ್ಷದ ಮೇಲೆ ನನಗೆ ಸಿಕ್ಕ ಕಛೇರಿ. ಬೆನ್ನ ಹಿಂದೆ ಇಡೀ ವಾದ್ಯವೃಂದ. ಪಿಯಾನೊ ಶ್ರುತಿ ಮಾಡಿದವನು ಎಂದಿನಂತೆ ನೀನು. ತಾಲೀಮಿನಲ್ಲಿ ಕೈಯಿಟ್ಟೆನೋ ಇಲ್ಲವೋ, ‘ಅರ್ಧ ಸ್ವರ ಏರಿಸಿದ್ದೀಯಲ್ಲೋ!’ ಎಂದು ಕೂಗಿದೆ. ನೀನು ಶ್ರುತಿ ನೋಡುವ ಆ ಲೋಹದ ಕವೆ ತಟ್ಟಿ ನನ್ನ ಕಿವಿಯ ಹತ್ತಿರ ಹಿಡಿದು, ‘ಸರಿಯಾಗೇ ಇದೆ ಕಣಕ್ಕಾ’ ಅಂತ ಮೆತ್ತಗೆ ಹೇಳಿದೆ. ನನಗೆ ಅದೂ ಮೇಲಕ್ಕೇ ಕೇಳಿಸಿತು. ‘ನಿನಗೂ ಕಿವುಡು, ನಿನ್ನ ಕಬ್ಬಿಣದ ತುಂಡಿಗೂ ಕಿವುಡು! ತಮ್ಮ ಅಂತ ಇಷ್ಟು ವರ್ಷ ಸಹಿಸಿಕೊಂಡೆ’ ಎಂದುಬಿಟ್ಟೆ, ಅಷ್ಟೂ ಜನರೆದುರು. ನೀನು ಚೀಲ ಎತ್ತಿಕೊಂಡು ಹೋದೆ. ಆ ಸಂಜೆ ನನ್ನ ಕೈ ಒಂದು ದಾರಿ, ಕಿವಿ ಒಂದು ದಾರಿ. ಚಪ್ಪಾಳೆ ಬಂದದ್ದು ಮರ್ಯಾದೆಗೆ.

ಮೊನ್ನೆ ಕಿವಿ ಡಾಕ್ಟರು ಹೇಳಿದರು: ‘ನಿಮಗೆ ಕಿವುಡಿಲ್ಲಮ್ಮಾ. ಆದ್ರೆ ಎಲ್ಲಾ ಅರ್ಧ ಸ್ವರ ಮೇಲಕ್ಕೆ ಕೇಳಿಸುತ್ತೆ. ವಯಸ್ಸಾದ ಕೆಲವು ಸಂಗೀತಗಾರರಿಗೆ ಹೀಗಾಗುತ್ತೆ, ಮದ್ದಿಲ್ಲ.’ ಅದಕ್ಕೇ ಇರಬೇಕು, ರೇಡಿಯೊದವರಿಗೆಲ್ಲ ಶ್ರುತಿಜ್ಞಾನವೇ ಇಲ್ಲ ಅಂತ ನಿನ್ನೆದುರು ಬೈಯುತ್ತಿದ್ದದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ತಪ್ಪಾಯಿತು ಕಣೋ. ಜಂಬದವಳು ನಾನು, ಇಷ್ಟು ಬರೆಯಲು ಎಷ್ಟೋ ಹಾಳೆ ಹರಿದೆ. ಒಮ್ಮೆ ಬಂದು ಹೋಗು. ಬೈಯುವುದಿದ್ದರೆ ಎದುರಿಗೇ ಬೈದುಬಿಡು. ನೀನೂ ಮನೆಯವರೂ ತಣ್ಣಗಿರಿ.

ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುನ್ನ ಇನ್ನೊಂದು: ಇಷ್ಟು ವರ್ಷ ನೀನೊಬ್ಬನೇ ಶ್ರುತಿ ಮಾಡುತ್ತಿದ್ದ ಮನೆಯ ಪಿಯಾನೊ ನೋಡಲು ನಿನ್ನೆ ಬೇರೊಬ್ಬನನ್ನು ಕರೆಸಿದ್ದೆ. ನನ್ನ ಕಿವಿಗೆ ಅದೊಂದೇ ಇವತ್ತಿಗೂ ಸರಿಯಾಗಿ ಕೇಳಿಸುವ ವಾದ್ಯ, ಅದೇ ಅನುಮಾನ. ಅವನು ಪರೀಕ್ಷೆ ಮಾಡಿ ಬೆಚ್ಚಿದ. ‘ಅಮ್ಮಾ, ಪೂರ್ತಿ ಅರ್ಧ ಸ್ವರ ಕೆಳಗಿದೆ! ತಾನಾಗಿ ಸಡಿಲಾಗಿದ್ದಲ್ಲ. ಯಾರೋ ಒಂದೊಂದೇ ತಂತಿ ನೋಡ್ಕೊಂಡು ಇಳಿಸಿದ್ದಾರೆ. ಏರಿಸ್ಲಾ?’ ಬೇಡ ಎಂದು ಕಳಿಸಿದೆ.

ನನಗಿಂತ ಮೊದಲೇ ನಿನಗೆ ಗೊತ್ತಿತ್ತು. ನಾನು ಹೆದರಬಾರದೆಂದು ಪಿಯಾನೊವನ್ನೇ ನನ್ನ ಕಿವಿಗೆ ಇಳಿಸಿಕೊಟ್ಟೆ. ವಾದ್ಯವೃಂದದ ಜೊತೆ ಹಾಗೆ ಮಾಡುವಂತಿರಲಿಲ್ಲ. ಅಷ್ಟು ಬೈಸಿಕೊಂಡೂ, ‘ಕೆಟ್ಟಿರೋದು ನಿನ್ನ ಕಿವಿ ಅಕ್ಕಾ’ ಅಂತ ಆ ಜನರ ಮುಂದೆ ನೀನು ಒಂದು ಮಾತು ಆಡಲಿಲ್ಲವಲ್ಲೋ.