ಈ ಸಲ ‘ಪರವಾಗಿಲ್ಲ’ ಅನ್ನಬೇಡಿ

ರೀ,

ಹನ್ನೊಂದಕ್ಕೆ ಇಂಟರ್ನೆಟ್ ಕಂಪನಿಯವನು ಬರ್ತಾನೆ. ರೌಟರ್ ಬಿಚ್ಚಿ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೀನಿ. ಕೊಟ್ಟು ರಸೀದಿ ಇಸ್ಕೊಳ್ಳಿ. ಒಳಗೆ ಕರೆದು ಕೂರಿಸಬೇಡಿ.

ಎರಡು ವರ್ಷದ ಕರಾರು ಮುಗಿದಿಲ್ಲ ಅಂತ ರಾಗ ಎಳೀತಾನೆ. ಎಳೀಲಿ.

ಮೂರು ಸಲ ನಾನು ಕ್ಯಾನ್ಸಲ್ ಮಾಡಿ ಅಂತ ಫೋನ್ ಮಾಡಿದೆ. ಕನೆಕ್ಷನ್ ನಿಮ್ಮ ಹೆಸರಲ್ಲಿದೆ ಅಂತ ಅವರು ನಿಮ್ಮನ್ನ ಕೇಳಿದಾಗೆಲ್ಲ, "ಪರವಾಗಿಲ್ಲ, ಈಗ ಚೆನ್ನಾಗಿ ಬರ್ತಿದೆ" ಅಂದಿರಿ. ಊರಿಗೆ ಉಪಕಾರಿ, ಮನೆಗೆ ಮಾರಿ. ನಿನ್ನೆ ಆನ್‌ಲೈನ್ ಪಾಠದ ಮಧ್ಯೆ ನೆಟ್ ಹೋಗಿ, ಕ್ಲಾಸಿನ ಮಕ್ಕಳ ಸ್ಕ್ರೀನ್ ಮೇಲೆ ಬಾಯಿ ತೆರೆದ ಹಾಗೇ ನಿಂತೆ. ಮಕ್ಕಳು ಅದರ ಫೋಟೊ ಹಂಚಿಕೊಂಡು ನಗ್ತಿದ್ದಾರೆ.

ಇವತ್ತು ಅಕ್ಕನ ಮನೆಯಿಂದ ಪಾಠ ಮಾಡ್ತೀನಿ. ಸಂಜೆ ಬಂದಾಗ ಆ ಡಬ್ಬಿ ಮತ್ತೆ ಗೋಡೆ ಮೇಲಿದ್ದರೆ, ಅದರ ಜೊತೆಗೇ ಸಂಸಾರ ಮಾಡಿ.