ಸಾಲಿನಲ್ಲಿ ಮೂರನೆಯವನು

ಮಾರ್ಚ್ 3, ಮಂಗಳವಾರ

ಗಿರಾಕಿ ರೋಸಲಿಯ ಜಡೆ ಅರ್ಧ ಹೆಣೆದಾಗಿತ್ತು, ಫೋನು ಬಂತು. ಕಿಯಾನ. ನನ್ನ ತಮ್ಮ ಇರುವ ಜೈಲಿನ ಬಗ್ಗೆ ಅವಳ ಸಾಕ್ಷ್ಯಚಿತ್ರ ಮುಗಿಯಿತಂತೆ. 14ಕ್ಕೆ ನಮ್ಮ ಚರ್ಚಿನ ಹಾಲ್‌ನಲ್ಲೇ ಮೊದಲ ಪ್ರದರ್ಶನ. ಒಂದೇ ಉಸಿರಿಗೆ ಹೇಳಿದಳು. ನನಗೆ ಕೇಳಿಸಿದ್ದು ತಾರೀಖು ಮಾತ್ರ. ತಮ್ಮ ಅಲ್ಸೀಡನನ್ನು ಬಿಡುಗಡೆ ಮಾಡಬೇಕೋ ಬೇಡವೋ ಅನ್ನುವ ಪರೋಲ್ ವಿಚಾರಣೆ 26ಕ್ಕೆ.

ಆಮೇಲೆ ಕೈ ಓಡಲಿಲ್ಲ. ಜಡೆ ಬಿಗಿಯಾಯಿತು ಅಂತ ರೋಸಲಿ ಗೊಣಗಿದಳು. ಬಿಚ್ಚಿ ಮತ್ತೆ ಹೆಣೆದೆ.

ಮಾರ್ಚ್ 5, ಗುರುವಾರ

ವಕೀಲರಿಗೆ ಫೋನು ಮಾಡಿದೆ. ಜೈಲಿನವರ ಮಾತಿಗೆ ಪರೋಲ್ ಮಂಡಳಿಯಲ್ಲಿ ತೂಕ ಜಾಸ್ತಿ, ಈಗ ಅವರನ್ನು ಕೆಣಕಬೇಡಿ ಅಂದರು. ಮೂವರು ಕೂರುತ್ತಾರೆ. ಮೂವರೂ ಒಪ್ಪಬೇಕು.

ಅಲ್ಸೀಡ್ ಒಳಗೆ ಹೋದಾಗ ಇಪ್ಪತ್ತೆರಡು. ಅಂಗಡಿ ದರೋಡೆ. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಅದು ಮೂರನೇ ಕೇಸು, ಮೂರಾದರೆ ಜೀವಾವಧಿ ಅಂತ ಆಗಿನ ಕಾನೂನು. ಈಗ ಐವತ್ತು. ಕಾನೂನು ಬದಲಾಗಿ, ಅರ್ಜಿ ಹಾಕಲು ಇದೇ ಮೊದಲ ಅವಕಾಶ. ಅದನ್ನೂ ಸಿನಿಮಾಕ್ಕಾಗಿ...

ಕಿಯಾನಳಿಗೆ ಹೇಳಿದೆ, ಸಿನಿಮಾದಿಂದ ಅವನನ್ನು ತೆಗೆದುಹಾಕು ಅಂತ. ಹುಡುಗಿ ಶಿಕಾಗೋದವಳು, ನಮ್ಮಂತೆ ಕರಿಯಳೇ, ಮನೆಯಲ್ಲಿ ಉಂಡು ಮಲಗಿ ಹೋದವಳು. "ಮಿಸ್ ವರ್ಲೀನ್, ಅವರಿಲ್ಲದಿದ್ರೆ ಈ ಸಿನಿಮಾ ಬರೀ ಪಾಠ ಆಗ್ಬಿಡುತ್ತೆ" ಅಂದಳು.

"ಆಗ್ಲಿ ಬಿಡಮ್ಮ. ನೀನು ಇನ್ನೊಂದು ಸಿನಿಮಾ ಮಾಡ್ತೀಯ. ನಮಗೆ ಇನ್ನೊಬ್ಬ ಅಲ್ಸೀಡ್ ಎಲ್ಲಿಂದ ಬರ್ತಾನೆ?"

ಅವನು ಬೇಡ ಅಂದರೆ ತೆಗೆಯುತ್ತೇನೆ ಅಂತ ಒಪ್ಪಿದಳು.

ಮಾರ್ಚ್ 8, ಭಾನುವಾರ

ಅಮ್ಮನನ್ನು ಕರೆದುಕೊಂಡು ಜೈಲಿಗೆ. ಜೈಲು ಅಂದರೆ ಹೊಲವೇ. ಹಿಂದೆ ಗುಲಾಮರನ್ನು ಇಟ್ಟು ಹತ್ತಿ ಬೆಳೆಸುತ್ತಿದ್ದ ಒಡೆಯನ ಜಮೀನು. ಇವತ್ತಿಗೂ ಅವನದೇ ಹೆಸರು. ಗೇಟು ದಾಟುವವರೆಗೆ ಅಮ್ಮ ಕಿಟಕಿ ಕಡೆ ತಿರುಗಲಿಲ್ಲ. ಯಾವತ್ತೂ ತಿರುಗುವುದಿಲ್ಲ.

ಅಲ್ಸೀಡನಿಗೆ ಎಲ್ಲ ಬಿಡಿಸಿ ಹೇಳಿದೆ. ವಕೀಲರು ಹೇಳಿದ್ದನ್ನೂ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ.

"ತೆಗಿಸ್ಬೇಡ ಅಕ್ಕ. ಇಷ್ಟು ವರ್ಷ ತಲೆ ಎಣಿಸೋ ಕಾವಲಿನೋರು ಬಿಟ್ರೆ ನನ್ನ ಯಾರೂ ನೋಡಿಲ್ಲ. ಒಂದ್ಸಲ ನೋಡ್ಲಿ."

ಅಮ್ಮನ ಮುಖ ನೋಡಿದೆ. ಅವಳು ಅವನ ಕಾಲರ್ ಸರಿಮಾಡುತ್ತಿದ್ದಳು. ವಾಪಸು ಬರುವಾಗ ಕಾರಿನಲ್ಲಿ ಮಾತ್ರ, ನನಗೆ ಮಗ ಊಟದ ಮೇಜಿಗೆ ಬೇಕು, ಪರದೆ ಮೇಲೆ ಯಾಕೆ ಅಂದಳು. ನನಗೂ ಅದೇ. ಆದರೆ ತಲೆ ಅವನದು, ತೀರ್ಮಾನವೂ ಅವನದು.

ಮಾರ್ಚ್ 14, ಶನಿವಾರ

ಹಾಲ್ ತುಂಬಿತ್ತು. ನಗರದಿಂದ ಬಂದವರೂ ಇದ್ದರು. ಕೂರಲಾಗಲಿಲ್ಲ ನನಗೆ, ಕಾಫಿ ಕೊಡುವ ನೆಪ ಮಾಡಿಕೊಂಡು ಹಿಂದೆ ಓಡಾಡಿಕೊಂಡೇ ನೋಡಿದೆ.

ಗುಲಾಮಗಿರಿ ರದ್ದು ಮಾಡಿದ ಕಾನೂನಿನಲ್ಲೇ ಒಂದು ಕಂಡಿ ಬಿಟ್ಟಿದ್ದರು ಎಂದು ಕಿಯಾನ ತೋರಿಸಿದಳು. ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿದರೆ ತಪ್ಪಿಲ್ಲವಂತೆ. ಆಮೇಲೆ ಒಂದು ಹಳೆಯ ಫೋಟೋ. ಹೊಲದಲ್ಲಿ ಕರಿಯರ ಸಾಲು, ಕೈಯಲ್ಲಿ ಗುದ್ದಲಿ, ಹಿಂದೆ ಕುದುರೆ ಮೇಲೊಬ್ಬ ಕಾವಲುಗಾರ. ನೋಡುತ್ತಿದ್ದಂತೆ ಆ ಚಿತ್ರಕ್ಕೆ ಮೆಲ್ಲಗೆ ಬಣ್ಣ ಬಂತು. ಅದೇ ಸಾಲು. ಅದೇ ಕುದುರೆ. ಈಗಿನದು. ಬೇಸಾಯ ತೋರಿಸೋಣ ಅಂತ ಜೈಲಿನವರೇ ಕ್ಯಾಮೆರಾ ಬಿಟ್ಟುಕೊಂಡಿದ್ದರು. ಸಾಲಿನಲ್ಲಿ ಮೂರನೆಯವನು ಅಲ್ಸೀಡ್. ಹಾಲ್‌ನಲ್ಲಿ ಬಿಕ್ಕುವ ಸದ್ದು.

ಮುಗಿದ ಮೇಲೆ ನಗರದ ಹೆಂಗಸೊಬ್ಬಳು ಮೈಕ್ ತಂದು, ಏನನ್ನಿಸಿತು ಅಂತ ಅಮ್ಮನನ್ನು ಕೇಳಿದಳು. ಅಮ್ಮ ಎದ್ದಳು.

"ಅವನ ಬೆನ್ನು ನೆಟ್ಟಗಿತ್ತು. ಯಾವಾಗ ಬಗ್ಗಿತು? ಭೇಟಿಗೆ ಹೋದಾಗೆಲ್ಲ ಕೂತೇ ಇರ್ತಾನೆ. ನಂಗೆ ಗೊತ್ತೇ ಆಗ್ಲಿಲ್ಲ."

ಅಷ್ಟೇ. ಕೂತಳು.

ಆಗ ನಮ್ಮ ಎದುರು ಮನೆಯ ಲಿಯೋನ್ಸ್ ಎದ್ದ. ಈಗಿನ ಚಿತ್ರದಲ್ಲಿ ಕುದುರೆ ಮೇಲಿದ್ದವನು ಅವನ ಮಗ. ಅವನೂ ಕರಿಯನೇ. "ನನ್ನ ಮಗನೂ ಅದ್ರಲ್ಲಿದಾನೆ. ಈ ಊರಲ್ಲಿ ಬೇರೆ ಕೆಲಸ ಇದ್ರೆ ತೋರ್ಸಿ, ನಾಳೆನೇ ಇಳೀತಾನೆ" ಅಂದ. ಹೊರಗೆ ಅಮ್ಮ ಅವನ ತೋಳು ಹಿಡಿದೇ ಮೆಟ್ಟಿಲಿಳಿದಳು.

ಮಾರ್ಚ್ 22, ಭಾನುವಾರ

ವಾರದಿಂದ ಅಲ್ಸೀಡನ ಫೋನಿಲ್ಲ. ಭೇಟಿಯೂ ಇಲ್ಲವಂತೆ. ಕಾರಣ ಕೇಳಿದರೆ ಜೈಲಿನವರು ಹೇಳುವುದಿಲ್ಲ. ಸಿನಿಮಾದಿಂದಲೋ, ಬೇರೇನೋ... ವಕೀಲರು ಸಮಾಧಾನ ಅಂತಾರೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಕಿಯಾನಳ ಫೋನು ಎತ್ತಲಿಲ್ಲ.

ಮಾರ್ಚ್ 26, ಗುರುವಾರ

ವಿಡಿಯೋದಲ್ಲಿ ವಿಚಾರಣೆ. ಮೂವರು ಒಂದು ಕಡೆ, ಅಲ್ಸೀಡ್ ಇನ್ನೊಂದು ಕಡೆ. ಸೊರಗಿದ್ದ. ಮಂಡಳಿಯವರಲ್ಲಿ ಒಬ್ಬರು ಕನ್ನಡಕ ತೆಗೆದು, ಇಷ್ಟು ದಿನ ಸಾಕಿದ ಸಂಸ್ಥೆಯನ್ನು ಸಿನಿಮಾದಲ್ಲಿ ಯಾಕೆ ದೂರಿದೆ ಅಂತ ಕೇಳಿದರು. ವಕೀಲರು ಕಣ್ಣು ಮುಚ್ಚಿಕೊಂಡರು.

"ದೂರ್ಲಿಲ್ಲ ಸರ್. ಏನು ಕೆಲಸ ಮಾಡ್ತೀಯ ಅಂದ್ರು. ಹೇಳ್ದೆ."

ಮೊದಲನೆಯವರು ಹೂಂ. ಎರಡನೆಯವರು ಹೂಂ. ಕನ್ನಡಕದವರು ಕಾಗದ ತಿರುವಿದರು, ಮತ್ತೆ ತಿರುವಿದರು. ಹೂಂ.

ಅಮ್ಮನಿಗೆ ಕೇಳಿಸಲಿಲ್ಲ. ಕಿವಿಯಲ್ಲಿ ಹೇಳಿದೆ. ಮತ್ತೊಮ್ಮೆ ಹೇಳು ಅಂದಳು.

ಏಪ್ರಿಲ್ 19, ಭಾನುವಾರ

ಅಲ್ಸೀಡ್ ಮನೆಗೆ ಬಂದು ವಾರ ಕಳೆಯಿತು. ಬಾಗಿಲು ತೆರೆದೇ ಇದ್ದರೂ ಹೊಸ್ತಿಲಲ್ಲಿ ನಿಲ್ಲುತ್ತಾನೆ, ಯಾರಾದರೂ ಹೋಗು ಅನ್ನಲಿ ಅಂತ. ತಟ್ಟೆಗೆ ಮೊಣಕೈ ಅಡ್ಡ ಇಟ್ಟು ಉಣ್ಣುತ್ತಾನೆ. ಅಮ್ಮ ಎರಡನೇ ಸಲ ಬಡಿಸುವಷ್ಟರಲ್ಲಿ ಎದ್ದಿರುತ್ತಾನೆ. ಹಿತ್ತಲ ಬೆಂಡೆ ಮಡಿಯಲ್ಲಿ ಕಳೆ. ಅವನ ಕಣ್ಣಿಗೆ ಬೀಳಬಾರದೆಂದು ಅಮ್ಮ ಗುದ್ದಲಿಯನ್ನು ಮಂಚದಡಿ ತಳ್ಳಿದ್ದಾಳೆ.

ಏಪ್ರಿಲ್ 25, ಶನಿವಾರ, ಸಂಜೆ

ಸಿನಿಮಾ ತೋರಿಸು ಅಂತ ಅವನೇ ಕೇಳಿದ. ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ, ಲ್ಯಾಪ್‌ಟಾಪ್ ಮುಂದಿಟ್ಟೆ. ಹಳೆಯ ಫೋಟೋಗೆ ಬಣ್ಣ ಬಂತು. ಊರೆಲ್ಲ ಅತ್ತ ಜಾಗ. ಅವನು ನಕ್ಕುಬಿಟ್ಟ.

"ನಿಲ್ಸು ನಿಲ್ಸು. ಇವ್ನು ಪರ್ಸಿ. ಆಗ ಅತ್ತೆ ಮನೆ ಮೇಕೆ ಕಥೆ ಹೇಳ್ತಿದ್ದ. ನಗು ತಡೀಲಾರ್ದೆ ಬಗ್ಗಿದೀನಿ ನೋಡು."

ಅಮ್ಮನನ್ನು ಕೂಗಿ ಕರೆದೆ. ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು. ಬೆನ್ನು ಬಗ್ಗಿದ್ದು ನಗುವಿಗೆ? ನಂಬಿದಳೋ ಇಲ್ಲವೋ, ಅವನ ಭುಜ ತಟ್ಟಿದಳು.

ಎಡದಿಂದ ಒಬ್ಬೊಬ್ಬರ ಹೆಸರೂ ಹೇಳಿದ. ಪರ್ಸಿ. ಟಕ್, ಅಡುಗೆಯ ಬಗ್ಗೆ ಹಾಡು ಕಟ್ಟುವವನು. ಮೂರನೆಯವನು ತಾನು. ಆಮೇಲೆ ಒಬ್ಬ ಮುದುಕ ಅಂಬ್ರೋಸ್, ಈ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡ. ಕೊನೆಯವನ ಮೇಲೆ ಬೆರಳು ನಿಂತಿತು. ಟೊಪ್ಪಿಗೆ ಕಿವಿಗಿಳಿದಿದೆ, ಮುಖದಲ್ಲಿನ್ನೂ ಮೀಸೆ ಬಲಿತಿಲ್ಲ.

ಯಾರು ಅಂತ ಕೇಳಿದೆ.

"ಹೊಸಬ. ತಿಂಗಳುಗಟ್ಲೆ ನನ್ನ ಹಿಂದೆನೇ ಬರ್ತಿದ್ದ. ಹೆಸರು ಕೇಳ್ಲಿಲ್ಲ ಅಕ್ಕ. ಕೇಳಿದ್ರೆ ಎಷ್ಟು ವರ್ಷ ಶಿಕ್ಷೆ ಅಂತನೂ ಕೇಳ್ಬೇಕಾಗುತ್ತೆ."

ಎದ್ದು ಹೋದ. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ರಸ್ತೆ ದಾಟಿ ಲಿಯೋನ್ಸ್ ಮನೆಯ ಬಾಗಿಲು ತಟ್ಟುತ್ತಿದ್ದಾನೆ. ಕುದುರೆ ಮೇಲಿದ್ದ ಆ ಮಗ ಕೆಲಸದಿಂದ ಬಂದಿದ್ದಾನೆ, ಗಾಡಿ ಮುಂದೆಯೇ ನಿಂತಿದೆ. ಆ ಹೊಸಬನ ಹೆಸರು ಅವನಿಗೆ ಗೊತ್ತಿರುತ್ತದೆ. ಏನು ಮಾತು ನಡೆಯುತ್ತದೋ... ಅಮ್ಮ ಚಪ್ಪಲಿ ಹುಡುಕುತ್ತಿದ್ದಾಳೆ. ಬಾಗಿಲು ತೆರೆಯಿತು. ಹೋಗಿ ನೋಡಬೇಕು.