ಎರಡನೇ ಧಾರೆ

ಶಿರಿಯ
10 ಮೇ 2018, ಗುರುವಾರ

ಪ್ರೀತಿಯ ಪಪ್ಪಾ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತಾ? ಶಾರ್ಜಾದಲ್ಲಿ ಬಿಸಿಲು ಜೋರಾಗಿದೆಯಂತೆ, ಪ್ರವೀತಣ್ಣ ಹೇಳಿದರು. ಗೋಡೌನಿನ ಫ್ಯಾನ್ ರಿಪೇರಿ ಮಾಡಿಸಿದರಾ, ಅಥವಾ ಇನ್ನೂ ರಟ್ಟಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದೀರಾ? ಬಿ.ಪಿ. ಮಾತ್ರೆ ಬಿಡಬೇಡಿ. ಪ್ರವೀತಣ್ಣನ ರಜೆ ಮುಗಿಯಿತು, ಇವತ್ತು ಸಂಜೆ ಹೊರಡುತ್ತಾರೆ. ನಿಮ್ಮ ರೂಮಿನವರೇ ಆದ್ದರಿಂದ ಉಪ್ಪಿನಕಾಯಿ, ಅಕ್ಕನ ಮದುವೆಯ ಲಾಡು ಎಲ್ಲ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಲಾಡಿನ ಪ್ಲಾಸ್ಟಿಕ್ ತೊಟ್ಟೆಯ ಅಡಿಯಲ್ಲಿ ಈ ಕಾಗದ ಇರುತ್ತದೆ. ಒಬ್ಬರೇ ಇರುವಾಗ ಓದಿ.

ವಾಟ್ಸಾಪ್ ಇರುವಾಗ ಕಾಗದ ಯಾಕೆ ಎಂದು ನಿಮಗೆ ಅನಿಸಬಹುದು. ಹಾಸ್ಟೆಲಿನಲ್ಲಿ ಭಾನುವಾರ ಭಾನುವಾರ ನಿಮಗೆ ಕಾಗದ ಬರೆಸುತ್ತಿದ್ದರಲ್ಲ, ಇಂಗ್ಲಿಷಿನಲ್ಲೇ ಬರೆಯಬೇಕು, ವಾರ್ಡನ್ ಓದಿ ಸಹಿ ಹಾಕಿದ ಮೇಲೆಯೇ ಅಂಟಿಸಬೇಕು. ‘ಐ ಆಮ್ ಫೈನ್ ಹಿಯರ್’ ಎಂದು ಶುರು. ಫೈನ್ ಅಲ್ಲದ ವಾರವೂ ಅದನ್ನೇ ಬರೆದಿದ್ದೇನೆ. ಇದಕ್ಕೆ ಯಾರ ಸಹಿಯೂ ಬೇಡ, ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಇನ್ನೊಂದು ಕಾರಣವೂ ಉಂಟು. ನಾನು ಏನು ಟೈಪ್ ಮಾಡಿ ಕಳಿಸಿದರೂ ನೀವು ದೊಡ್ಡಪ್ಪನಿಗೆ ಫಾರ್ವರ್ಡ್ ಮಾಡುತ್ತೀರಿ. ಕಳೆದ ಓಣಂ ರಜೆಯಲ್ಲಿ ಅವರ ಬಗ್ಗೆಯೇ ನಾನು ಬರೆದದ್ದನ್ನು ‘ಅಣ್ಣಾ, ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದು ಅವರಿಗೇ ಕಳಿಸಿದಿರಿ. ಕಾಗದವನ್ನು ಹಾಗೆ ಬೆರಳಿನಲ್ಲಿ ಒತ್ತಿ ಕಳಿಸಲು ಆಗುವುದಿಲ್ಲವಲ್ಲ.

ಸೋಮವಾರದಿಂದ ಎರಡನೇ ಸೆಮಿಸ್ಟರ್ ಪರೀಕ್ಷೆ. ಪುಸ್ತಕ ತೆರೆದರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತೇನೆ. ಪರೀಕ್ಷೆಯ ಹೆದರಿಕೆ ಅರ್ಧ, ನಿಮ್ಮ ವಾಯ್ಸ್ ಮೆಸೇಜ್ ಇನ್ನರ್ಧ. ‘ಕಿನ್ನಿ, ಅಮ್ಮನಿಗೆ ಎಂತ ಆಗಿದೆ? ಮದುವೆ ಕಳೆದ ಮೇಲೆ ಫೋನಿಗೇ ಬರುವುದಿಲ್ಲ’ ಎಂದು ದಿನಾ ಕೇಳುತ್ತಿದ್ದೀರಿ. ಕೆಲಸದಲ್ಲಿದ್ದಾಳೆ ಎಂದು ನಾನು ದಿನಾ ಹೇಳುತ್ತಿದ್ದೇನೆ. ಅಮ್ಮ ನನ್ನ ಪಕ್ಕದಲ್ಲೇ ದೋಸೆ ಮಗುಚುತ್ತಾ ‘ಕೆಲಸದಲ್ಲಿದ್ದೇನೆ ಹೇಳು’ ಎಂದು ಹೇಳಿಕೊಡುತ್ತಾಳೆ. ಇನ್ನು ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾಯ್ಮಾರ್ಮೂಲೆಯ ಆ ಮದುವೆ ಹಾಲ್‌ನ ವಿಷಯ ನಿಮಗೆ ಗೊತ್ತಿಲ್ಲ. ಹೊರಗೆ ಪೇಟೆಯಲ್ಲಿ ನೆಟ್ ಚೆನ್ನಾಗಿ ಬರುತ್ತದೆ, ಗೇಟಿನಿಂದ ಒಳಗೆ ಒಮ್ಮೆ ಬರುತ್ತದೆ, ಒಮ್ಮೆ ಸತ್ತುಹೋಗುತ್ತದೆ. ದೊಡ್ಡಪ್ಪನೋ ಒಂದು ವಾರದಿಂದ ಕುಟುಂಬದ ಗ್ರೂಪಿನಲ್ಲಿ ಹಾಕುತ್ತಲೇ ಇದ್ದರು: ಭವ್ಯಶ್ರೀಯ ಧಾರೆ ಫೇಸ್‌ಬುಕ್‌ನಲ್ಲಿ ಲೈವ್, ದುಬೈ, ಮುಂಬೈಯವರೆಲ್ಲ ತಪ್ಪದೆ ನೋಡಿ ಎಂದು. ಅದರ ಪೋಸ್ಟರಿನಲ್ಲಿ ಅಕ್ಕ, ಭಾವನಿಗಿಂತ ‘ಗುಣಪಾಲಣ್ಣ’ ಎಂದು ಹೆಸರು ಹಾಕಿಸಿ ಕೈಮುಗಿದು ನಿಂತ ದೊಡ್ಡಪ್ಪನೇ ದೊಡ್ಡದಾಗಿ ಕಾಣುತ್ತಿದ್ದರು. ನಿಮಗೆ ಕಂಪೆನಿ ರಜೆ ಕೊಡದ ಕಾರಣ ನಿಮ್ಮ ಬದಲಿಗೆ ಗಿಂಡಿ ಹಿಡಿದು ಧಾರೆ ಎರೆಯುವುದು ಅವರು, ಅಮ್ಮ ಬದಿಯಲ್ಲಿ ನಿಂತು ಕೈ ತಾಗಿಸುವುದು ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರೂ ಅವರೇ. ಅಮ್ಮ ಹೂಂ ಎಂದಿದ್ದಳು.

ಮುಹೂರ್ತಕ್ಕೆ ಎಲ್ಲರೂ ಎದ್ದು ನಿಂತರು. ಭಾವನ ಕೈಯ ಮೇಲೆ ಅಕ್ಕನ ಕೈ, ಅದರ ಮೇಲೆ ತೆಂಗಿನಕಾಯಿ, ಹಿಂಗಾರ. ನೋಡಿದರೆ ದೊಡ್ಡಪ್ಪ ಇಲ್ಲ. ಕರೆತರಲು ನನ್ನನ್ನು ಓಡಿಸಿದರು. ಗೇಟಿನ ಹತ್ತಿರ ಅವರ ಮಗ ಧನರಾಜಣ್ಣ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ, ದೊಡ್ಡಪ್ಪ ಮಾವಿನಹಣ್ಣು ಬೀಳುವುದನ್ನು ಕಾಯುವವರ ಹಾಗೆ ಅದರ ಕೆಳಗೆ ನಿಂತಿದ್ದಾರೆ. ‘ಎರಡು ನಿಮಿಷ ಕಿನ್ನಿ, ಸುತ್ತುತ್ತಾ ಉಂಟು. ಲೈವ್ ಇಲ್ಲದೆ ಎರೆದು ಎಂತ ಪ್ರಯೋಜನ ಮಾರಾಯ್ತಿ? ನನ್ನ ತಮ್ಮ ನೋಡುವುದು ಬೇಡವಾ?’ ನಿಮ್ಮನ್ನು ಮುಂದಿಟ್ಟು ಹೇಳಿದ ಮೇಲೆ ನಾನು ಎಂತ ಹೇಳುವುದು? ಓಡಿ ಬಂದು ಭಟ್ರಿಗೆ ತಿಳಿಸಿದೆ. ಅವರು ವಾಚು ನೋಡಿ, ‘ಮುಹೂರ್ತ ನಿಮ್ಮ ನೆಟ್ಟಿಗೆ ಕಾಯ್ತದಾ? ಎರೆಯುವವರು ಯಾರಾದರೂ ಉಂಟಾ, ಇಲ್ಲವಾ?’ ಎಂದು ಗದರಿದರು. ಯಾರೂ ಮುಂದೆ ಬರಲಿಲ್ಲ. ಗುಣಪಾಲಣ್ಣನನ್ನು ಬಿಟ್ಟು ಗಿಂಡಿ ಮುಟ್ಟಿದರೆ ಮತ್ತೆ ಅವರ ಬೈಗುಳ ಯಾರು ಕೇಳುವುದು ಎಂದು ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಿಂಡಿ ಎತ್ತಿದಳು. ಎರೆದಳು. ಗಿಂಡಿ ಜಾಸ್ತಿ ವಾಲಿ ಹಾಲುನೀರು ಅಕ್ಕನ ಸೀರೆಗೂ ಅವಳ ಸೀರೆಗೂ ಚೆಲ್ಲಿತು. ಅಕ್ಕ ಅತ್ತಳು. ವಾದ್ಯದವರು ಜೋರು ಬಾರಿಸಿದರು, ಎಲ್ಲರೂ ಅಕ್ಕಿ ಹಾಕಿದರು. ಪಪ್ಪಾ, ಅಕ್ಕನ ಮದುವೆ ಆದದ್ದು ಆಗ. ನೀವು ನೋಡಿದ್ದು ಅದನ್ನಲ್ಲ.

ಅಷ್ಟರಲ್ಲಿ ದೊಡ್ಡಪ್ಪ ‘ಬಂತು, ಬಂತು’ ಎನ್ನುತ್ತಾ ಒಳಗೆ ಓಡಿ ಬಂದರು. ಆಗಿಹೋಯಿತು ಎಂದು ತಿಳಿದಾಗ ಅವರ ಮುಖ ನೋಡಬೇಕಿತ್ತು. ‘ಪರವಾಗಿಲ್ಲ, ಇನ್ನೊಮ್ಮೆ ಎರೆಯುವ. ಇನ್ನೂರು ಜನ ಫೋನ್ ಹಿಡಿದು ಕಾಯ್ತಾ ಇದ್ದಾರೆ.’ ಎರಡು ಸಲ ಎರೆಯುವ ಕ್ರಮ ಇಲ್ಲ ಎಂದು ಭಟ್ರು ಹೇಳಿದರೆ, ‘ಮಂತ್ರ ಬೇಡ ಭಟ್ರೇ, ಬಾಯಿ ಅಲ್ಲಾಡಿಸಿ ಸಾಕು. ವಾದ್ಯ ಜೋರಿದ್ದರೆ ಯಾರಿಗೆ ಗೊತ್ತಾಗ್ತದೆ?’ ಅಮ್ಮ ಮೊದಲು ತೀರ್ಮಾನವಾದ ಹಾಗೆ ಕೈ ತಾಗಿಸುವ ಎಂದು ಹತ್ತಿರ ಬಂದಳು. ‘ಸುಂದರಿ, ನೀನು ಸ್ವಲ್ಪ ಆಚೆ ನಿಲ್ಲು. ಸೀರೆ ಒದ್ದೆ ಉಂಟು, ವೀಡಿಯೋದಲ್ಲಿ ಚಂದ ಕಾಣುವುದಿಲ್ಲ’ ಎಂದು ದೊಡ್ಡಪ್ಪ ಅವಳ ಹೆಸರು ಹಿಡಿದು ಹೇಳಿದರು. ಅಮ್ಮ ಆಚೆ ನಿಂತಳು. ವೀಡಿಯೋ ಇನ್ನೂ ಅಲ್ಲೇ ಉಂಟು, ತೆರೆದು ನೋಡಿ. ದೊಡ್ಡಪ್ಪ ಎರೆಯುವ ಮೊದಲೇ ಅಕ್ಕನ ಸೀರೆ ಒದ್ದೆಯಾಗಿದೆ. ಭಟ್ರ ತುಟಿ ಅಲ್ಲಾಡುತ್ತದೆ, ಕಣ್ಣು ಬೇರೆಲ್ಲೋ ಇದೆ. ಎಡಗಡೆಯ ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ ಬಂದು ಹಿಂದೆ ಹೋಗುತ್ತದೆ. ಅದು ಅಮ್ಮ.

ಆಮೇಲೆ ಧನರಾಜಣ್ಣ ಲೈವ್ ನಿಲ್ಲಿಸಿ, ನನ್ನ ಒಂದು ಕೈಗೆ ಮೈಕ್, ಒಂದು ಕೈಗೆ ಫೋನ್ ಕೊಟ್ಟು, ‘ನೀನು ಇಂಗ್ಲಿಷ್ ಮೀಡಿಯಂ ಅಲ್ವಾ, ಕಮೆಂಟ್ ಓದು’ ಎಂದ. ‘ಸೂಪರ್ ಗುಣಪಾಲಣ್ಣ’, ‘ಗಾಡ್ ಬ್ಲೆಸ್’ ಎಂದೆಲ್ಲ ಓದುತ್ತಾ ಹೋಗುವಾಗ ನಿಮ್ಮ ಹೆಸರು ಕಂಡಿತು. ನಿಮ್ಮ ಹೆಸರನ್ನು ನಾಲ್ಕು ಜನರೆದುರು ಹೇಳುವ ಕೆಲಸ ಯಾವಾಗಲೂ ನನ್ನದೇ ಅಲ್ಲವಾ? ಅಮ್ಮ ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ, ವಿಲೇಜ್ ಆಫೀಸಿನಲ್ಲಿ ಯಜಮಾನರ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳಿ ‘ಇವಳು ಹೇಳ್ತಾಳೆ’ ಎನ್ನುತ್ತಾಳೆ. ನಾನು ಹಾಸ್ಟೆಲಿನಲ್ಲಿದ್ದ ವರ್ಷಗಳಲ್ಲಿ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳಂತೆ. ಹಾಗಾಗಿ ಖುಷಿಯಲ್ಲಿ, ಮನಸ್ಸಿನಲ್ಲಿ ಒಮ್ಮೆ ಓದಿಕೊಳ್ಳದೆ, ಮೈಕಿನಲ್ಲೇ ಓದಿಬಿಟ್ಟೆ: ‘ನನ್ನ ಜಾಗದಲ್ಲಿ ನಿಂತು ಮಗಳನ್ನು ಧಾರೆ ಎರೆದುಕೊಟ್ಟ ಅಣ್ಣನಿಗೆ ಕೋಟಿ ನಮನ. ನೀವು ಇಲ್ಲದಿದ್ದರೆ ಈ ಮದುವೆಯೇ ಇಲ್ಲ.’ ಕೊನೆಗೆ ಮೂರು ಗುಲಾಬಿ. ಸೇರಿದವರೆಲ್ಲ ಚಪ್ಪಾಳೆ ಹೊಡೆದರು. ದೊಡ್ಡಪ್ಪ ಕಣ್ಣು ಒರೆಸಿಕೊಂಡರು. ಅದು ನಿಜವಾದ ಕಣ್ಣೀರೇ ಇರಬಹುದು. ಅಮ್ಮ ನನ್ನ ಬೆನ್ನ ಹಿಂದೆ ಸೆರಗು ಹಿಂಡುತ್ತಿದ್ದಳು. ‘ಕೆಳಗೆ ಊಟಕ್ಕೆ ಎಲೆ ಹಾಕಿ ಆಯ್ತಾ ನೋಡು’ ಎಂದು ಹೇಳಿ, ಅದನ್ನೂ ನೋಡಲು ಅವಳೇ ಹೋದಳು.

ನೀವು ಕಂಡದ್ದನ್ನು ಬರೆದಿರಿ, ಆಕ್ಚುವಲಿ ನಿಮ್ಮ ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಆದರೆ ಪಪ್ಪಾ, ಡ್ಯೂಟಿಯ ನಡುವೆ ಗೋಡೌನಿನ ಹಿಂದೆ ನಿಂತು ನೋಡಿದೆ ಎಂದಿರಲ್ಲ, ಅಮ್ಮ ಎಲ್ಲಿ ಎಂದು ನಿಮಗೆ ಒಮ್ಮೆಯೂ ಅನಿಸಲಿಲ್ಲವಾ? ಬಿಸಿಲಿನಲ್ಲಿ ಬಸ್ಸು ಹತ್ತಿ ಇಳಿದು ಮನೆಮನೆಗೆ ಹೋಗಿ ಮದುವೆಗೆ ಕರೆದದ್ದು ಅಮ್ಮ. ಈ ವಿಷಯದಲ್ಲಿ ಅವಳು ಇದುವರೆಗೆ ಮಾತಾಡಿದ್ದು ಒಂದೇ ಸಲ, ಮೊನ್ನೆ ಮೀನು ಕೊಯ್ಯುತ್ತಾ: ‘ಹೌದಾ ಕಿನ್ನಿ, ನಾನು ಇದ್ದೆನಾ ಅಲ್ಲಿ?’

ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಬೇಡಿ. ನೀವು ಅಲ್ಲಿ, ನಾವು ಇಲ್ಲಿ. ಅವರ ಮುಖ ದಿನಾ ನೋಡಬೇಕಾದವರು ನಾವು. ಈ ಕಾಗದದ ಫೋಟೋ ತೆಗೆಯಬೇಡಿ. ಲಾಡು ರೂಮಿನವರಿಗೆಲ್ಲ ಕೊಡಿ. ಸೋಮವಾರ ಬೆಳಿಗ್ಗೆ ನನ್ನನ್ನು ಒಮ್ಮೆ ನೆನೆಸಿಕೊಳ್ಳಿ. ಅಕ್ಕ, ಭಾವ ನಮಸ್ಕಾರ ತಿಳಿಸಿದ್ದಾರೆ. ಅಮ್ಮ ಏನೂ ಹೇಳಲಿಲ್ಲ. ಹೇಳಿದಳೆಂದು ನಾನು ಬರೆಯುವುದೂ ಇಲ್ಲ.

ನಿಮ್ಮ
ಕಿನ್ನಿ
(ಅಕ್ಷಯಾ)

ವಿ.ಸೂ.: ಪ್ರವೀತಣ್ಣನ ಬೈಕ್ ಗೇಟಿಗೆ ಬಂತು, ಅಂಟಿಸಿದ ಕವರು ಹರಿದು ಬರೆಯುತ್ತಿದ್ದೇನೆ. ಒಂದನ್ನು ಬೇಕೆಂದೇ ಬಿಟ್ಟಿದ್ದೆ. ಅಮ್ಮ ಗಿಂಡಿ ಎತ್ತಿದ ಕೂಡಲೇ ಭಟ್ರು ತಡೆದರು: ‘ಯಾರ ಹೆಸರಿನಲ್ಲಿ ಎರೆಯುವುದು? ಹೆಸರು ಹೇಳಬೇಕು.’ ಅಮ್ಮ ಅಭ್ಯಾಸದಿಂದ ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ‘ಸುಕುಮಾರ’ ಎಂದಳು. ವಾದ್ಯ ಇನ್ನೂ ಶುರುವಾಗಿರಲಿಲ್ಲ, ಹಿಂದಿನ ಸಾಲಿನವರಿಗೂ ಕೇಳಿಸಿತು. ನೀವು ಮೂರು ಗುಲಾಬಿ ಹಾಕಿದ ವೀಡಿಯೋದಲ್ಲಿ ನಿಮ್ಮ ಹೆಸರು ಇಲ್ಲ.